ಎಣ್ಣೆಯ ಆಯ್ಕೆ: ಅಂಕಿಯೊಂದೇ ಸಾಲದು

ಶೈತ್ಯಾಗಾರದ ಸ್ಕ್ರೂ ಕಂಪ್ರೆಸರಿನಲ್ಲಿ ಎಣ್ಣೆಯು ಘರ್ಷಣೆಯನ್ನು ತಗ್ಗಿಸುವುದಲ್ಲದೆ, ತಿರುಪುಗಳ ನಡುವಣ ಸಂದನ್ನು ಮುಚ್ಚಿ ಅನಿಲದ ಸೋರಿಕೆಯನ್ನು ತಡೆಯುತ್ತದೆ. ಸಂಪೀಡನದ ಉಷ್ಣವನ್ನೂ ಹೊತ್ತೊಯ್ಯುತ್ತದೆ. ಇಂತಹ ಎಣ್ಣೆಯನ್ನು ಡಬ್ಬಿಯ ಮೇಲಿನ ಸ್ನಿಗ್ಧತೆಯ ಅಂಕಿಯೊಂದನ್ನೇ ನೋಡಿ ಆರಿಸುವುದು ತರವಲ್ಲ. ಆ ಅಂಕಿ ಶುದ್ಧ ಎಣ್ಣೆಗೆ, 40 ಡಿಗ್ರಿ ಸೆಲ್ಸಿಯಸಿನಲ್ಲಿ ಅಳೆದುದು. ಯಂತ್ರದೊಳಗಾದರೋ ಶೀತಕವು ಎಣ್ಣೆಯಲ್ಲಿ ಕರಗಿ ಅದನ್ನು ತೆಳುವಾಗಿಸಬಹುದು. ತೀರ ತೆಳುವಾದರೆ ಬೇರಿಂಗುಗಳು ಸವೆದು ಯಂತ್ರವೇ ಕೆಟ್ಟೀತು. 1987ರ ಮಾಂಟ್ರಿಯಲ್ ಒಪ್ಪಂದದ ತರುವಾಯ ಆರ್-12 ಎಂಬ ಶೀತಕದ ಸ್ಥಾನಕ್ಕೆ ಆರ್-134ಎ ಬಂದಿತು. ಹಳೆಯ ಖನಿಜತೈಲ ಅದರೊಡನೆ ಬೆರೆಯದು. ಪಾಲಿಯಾಲ್ ಎಸ್ಟರ್ ತೈಲ ಬೇಕಾಯಿತು. ಆದರೆ ಅಮೋನಿಯಾ ಯಂತ್ರಕ್ಕೆ ಈ ಎಸ್ಟರ್ ಸಲ್ಲದು. ಅಮೋನಿಯಾ ಅದನ್ನು ಕೆಡಿಸುತ್ತದೆ. ಆದುದರಿಂದ ಮೊದಲು ಶೀತಕವಾವುದೆಂದು ಕೇಳಬೇಕು. ಸ್ನಿಗ್ಧತೆಯ ವಿಚಾರ ಆಮೇಲಿನದು. ಮುಂದೆ ಯಂತ್ರಗಳ ಹೊಣೆ ಹೊರಲಿರುವ ವಿದ್ಯಾರ್ಥಿಗಳು ಇದನ್ನು ಮನಗಾಣಬೇಕು.