0.577ಕ್ಕೆ ‘ಸರಿ’ ಎನ್ನುವ ಮುನ್ನ

ಈ ಸಲದ ಬೋಧನಾಭ್ಯಾಸದಲ್ಲಿ ಎಲೆಕ್ಟ್ರಾನಿಕ್ ಸಿಟಿಯ ಒಂದು ಪಿಯು ಕಾಲೇಜಿನಲ್ಲಿ ದ್ವಿತೀಯ ವರ್ಷದ ಗಣಿತ ಪಾಠವನ್ನು ವೀಕ್ಷಿಸಿದೆ. 1/(1+ಎಕ್ಸ್²) ಎಂಬ ಫಂಕ್ಷನ್‌ನ ಎರಡನೆಯ ಡೆರಿವೇಟಿವ್ ಎಲ್ಲಿ ಸೊನ್ನೆಯಾಗುತ್ತದೆ ಎಂದು ಪ್ರಶಿಕ್ಷಣಾರ್ಥಿ ಕೇಳಿದರು. ಮೊಬೈಲ್‌ನಲ್ಲಿ ನಕ್ಷೆ ನೋಡಿದ ಹುಡುಗನೊಬ್ಬ “0.577, ಮಿಸ್” ಎಂದ. “ಸರಿ” ಎಂದು ಅವರು ಮುಂದಿನ ಲೆಕ್ಕಕ್ಕೆ ಹೋದರು. ಎಡಬದಿಯ ಮೈನಸ್ 0.577 ಯಾರಿಗೂ ನೆನಪಾಗಲಿಲ್ಲ. ವೀಕ್ಷಣಾ ನಮೂನೆಯಲ್ಲಿ ‘ನಿಖರ’ ಎಂದು ಗುರುತು ಹಾಕಿದವಳು ನಾನೇ. ಅದು ನನ್ನ ತಪ್ಪು.

ಪಾಠದ ನಂತರ ಅವರು ಹೇಳಿದ್ದು: “ಇವರ ಅಪ್ಪ ಅಮ್ಮ ಐಟಿಯವರು. ಕೆಲಸಕ್ಕೆ ದಶಮಾಂಶ ಸಾಕಲ್ವಾ ಮೇಡಂ?” ಅಳತೆಗೆ ಸಾಕು, ನಿಜ. ಆದರೆ ಗಣಿತ ಕಲಿಯಲು ಸಾಲದು.

ಎರಡನೆಯ ಡೆರಿವೇಟಿವ್‌ನ ಅಂಶ 6ಎಕ್ಸ್²−2. ಆದ್ದರಿಂದ ಕರಾರುವಾಕ್ಕಾದ ಮೂಲಗಳು ±1/√3. ಮೂರನೆಯದರ ಮೂಲಗಳು −1, 0, 1. ಈಗ ಮಕ್ಕಳನ್ನು ಕೇಳಿ: ಇವು ಯಾವ ಕೋನಗಳ ಕಾಟ್ ಬೆಲೆಗಳು? ಮೊದಲಿನವು 60, 120 ಡಿಗ್ರಿ. ನಂತರದವು 135, 90, 45. ಅಂದರೆ 180 ಡಿಗ್ರಿಯನ್ನು ಮೊದಲು ಮೂರು, ಆಮೇಲೆ ನಾಲ್ಕು ಸಮಭಾಗ ಮಾಡಿದಂತಾಯಿತು. ನಾಲ್ಕನೆಯ ಡೆರಿವೇಟಿವ್‌ಗೆ ಐದು ಭಾಗ: 36, 72, 108, 144. ಈ ಕ್ರಮ ಹೀಗೆಯೇ ಮುಂದುವರಿಯುತ್ತದೆ. ಡಿ ಮಾಯ್ವರ್ ಪ್ರಮೇಯ ಬಲ್ಲ ಪ್ರಶಿಕ್ಷಣಾರ್ಥಿ ಇದನ್ನು ಸಾಧಿಸಬಹುದು. 0.577 ಎಂದಷ್ಟೇ ಬರೆದುಕೊಂಡ ಹುಡುಗನಿಗೆ ಇದರ ಸುಳಿವೂ ಸಿಗುವುದಿಲ್ಲ.

ಎಲ್ಲ ಫಂಕ್ಷನ್‌ಗಳೂ ಹೀಗೆ ಒಲಿಯುವುದಿಲ್ಲ. ಐದನೆಯ ಘಾತದಿಂದ ಮುಂದಿನ ಬಹುಪದಗಳಿಗೆ ವರ್ಗಮೂಲ, ಘನಮೂಲದಂಥವುಗಳಿಂದ ಬರೆಯಬಹುದಾದ ಸಾರ್ವತ್ರಿಕ ಸೂತ್ರವೇ ಇಲ್ಲ. ಅಲ್ಲಿ ದಶಮಾಂಶವೇ ಗತಿ. ಅದನ್ನೂ ಮಕ್ಕಳಿಗೆ ಹೇಳಬೇಕು. ಮೂಲ ಸಿಕ್ಕಿತೆಂದ ಮಾತ್ರಕ್ಕೆ ಅಲ್ಲಿ ನಕ್ಷೆಯ ಬಾಗು ಬದಲಾಗುತ್ತದೆ ಎನ್ನುವಂತೆಯೂ ಇಲ್ಲ. ಎಕ್ಸ್⁴ರ ಎರಡನೆಯ ಡೆರಿವೇಟಿವ್ ಸೊನ್ನೆಯಲ್ಲಿ ಸೊನ್ನೆಯಾದರೂ ಬಾಗು ಬದಲಾಗದು. ಎರಡೂ ಬದಿಯ ಚಿಹ್ನೆ ನೋಡಲೇಬೇಕು.

ಮೊಬೈಲನ್ನು ತರಗತಿಯಿಂದ ಹೊರಗಿಡಿ ಎಂದು ನಾನು ಹೇಳುತ್ತಿಲ್ಲ. ನಕ್ಷೆಯಿಂದಲೇ ಆರಂಭಿಸಿ, ಅಂದಾಜು ಪಡೆಯಿರಿ. ಆದರೆ ಪಾಠಯೋಜನೆಯಲ್ಲಿ ಎರಡು ಪ್ರಶ್ನೆಗಳಿಗೆ ಜಾಗವಿಡಿ: “ಈ ಸಂಖ್ಯೆ ನಿಜವಾಗಿ ಯಾವುದು?”, “ಮುಂದಿನ ಡೆರಿವೇಟಿವ್‌ಗೆ ಏನು ಬರಬಹುದು?” ನನ್ನ ವೀಕ್ಷಣಾ ನಮೂನೆಯಲ್ಲಿ ಈಗ ಈ ಎರಡಕ್ಕೂ ಅಂಕವಿದೆ.