ನೀರು ಕುಡಿ ಅಂದ್ರೆ ಸಾಕಾ?

ಹೋದ ಸೆಮ್‌ನ ಎರಡನೇ ಇಂಟರ್ನಲ್ಸ್‌ನ ಹಿಂದಿನ ರಾತ್ರಿ. ಅಂತರಸನಹಳ್ಳಿಯ ನಮ್ಮ ರೂಮಿನಲ್ಲಿ ಗೆಳೆಯನೊಬ್ಬ ಸೊಂಟ ಹಿಡ್ಕೊಂಡು ನೆಲದ ಮೇಲೆ ಹೊರಳಾಡ್ತಿದ್ದ. ಕೂತರೂ ಆಗಲ್ಲ, ಮಲಗಿದರೂ ಆಗಲ್ಲ. ಗ್ಯಾಸ್ ಇರ್ಬೇಕು ಅಂತ ಸೋಡಾ ಕುಡಿಸಿದ್ವಿ. ಕೊನೆಗೆ ಆಟೋ ಹಿಡಿದು ಆಸ್ಪತ್ರೆಗೆ ಹೋದ್ವಿ. ಸ್ಕ್ಯಾನ್‌ನಲ್ಲಿ ಕಂಡಿದ್ದು 6 ಮಿಲಿಮೀಟರ್ ಕಿಡ್ನಿ ಕಲ್ಲು. "ದಿನಕ್ಕೆ ಎಷ್ಟು ನೀರು ಕುಡೀತೀಯಪ್ಪಾ?" ಅಂತ ಡಾಕ್ಟರ್ ಕೇಳಿದರೆ ಇವನ ಬಳಿ ಉತ್ತರ ಇರಲಿಲ್ಲ. ಬೆಳಗ್ಗೆ ತುಂಬಿಸಿದ ಒಂದು ಲೀಟರ್ ಬಾಟಲಿ ಸಂಜೆ ಅರ್ಧ ಹಾಗೇ ವಾಪಸ್ ಬರ್ತಿತ್ತು.

ಮರುದಿನ ಎಲ್ಲರದ್ದೂ ಒಂದೇ ಮಾತು: "ಬೋರ್‌ವೆಲ್ ನೀರು ಗಡಸು, ಅದಕ್ಕೇ ಕಲ್ಲಾಗಿದೆ." ಗಡಸು ನೀರನ್ನು ಬೈಯೋದು ಸುಲಭ. ನನಗನ್ನಿಸೋದು, ನಮಗೆ ಕಲ್ಲು ತರೋದು ಕುಡಿದ ನೀರಿಗಿಂತ ಹೆಚ್ಚಾಗಿ ಕುಡಿಯದ ನೀರು.

ಇದು ನಾವು ಫಸ್ಟ್ ಇಯರ್ ಕೆಮಿಸ್ಟ್ರಿಯಲ್ಲಿ ಓದಿದ್ದೇ. ಪಾಕದಲ್ಲಿ ನೀರು ಇಂಗಿದರೆ ಸಕ್ಕರೆ ಹರಳುಗಟ್ಟುತ್ತೆ. ಮೂತ್ರದಲ್ಲಿ ನೀರು ಕಡಿಮೆಯಾದರೆ ಕ್ಯಾಲ್ಸಿಯಂ, ಆಕ್ಸಲೇಟ್ ಸೇರಿ ಹರಳಾಗುತ್ತೆ. ಇಟಲಿಯ ವೈದ್ಯರು ಮೊದಲ ಸಲ ಕಲ್ಲಾಗಿದ್ದ 199 ಜನರನ್ನು ಎರಡು ಗುಂಪು ಮಾಡಿ 5 ವರ್ಷ ಗಮನಿಸಿ, 1996ರಲ್ಲಿ ಫಲಿತಾಂಶ ಪ್ರಕಟಿಸಿದರು. ಮಾಮೂಲಿನಂತೆ ಕುಡಿದವರಲ್ಲಿ 27% ಜನಕ್ಕೆ ಮತ್ತೆ ಕಲ್ಲಾಯ್ತು. ಹೆಚ್ಚು ನೀರು ಕುಡಿದವರಲ್ಲಿ ಸುಮಾರು 12% ಜನಕ್ಕೆ ಮಾತ್ರ. ಮಾತ್ರೆಯಲ್ಲ, ಬರೀ ನೀರು!

ಹಾಗಿದ್ರೂ ನಾವು ಯಾಕೆ ಕುಡಿಯಲ್ಲ? ಗೊತ್ತಿಲ್ಲ ಅಂತಲ್ಲ. ಕುಡಿದರೆ ಹೋಗಬೇಕಾಗುತ್ತಲ್ಲ, ಅದಕ್ಕೆ. ಮೂರು ಗಂಟೆ ಲ್ಯಾಬ್‌ನ ಮಧ್ಯೆ ಎದ್ದು ಪರ್ಮಿಷನ್ ಕೇಳಿದರೆ ಇಡೀ ಬ್ಯಾಚ್ ಮುಸಿ ಮುಸಿ ನಗುತ್ತೆ. ಗುಬ್ಬಿ, ಕುಣಿಗಲ್ ಕಡೆಯಿಂದ ಬಸ್ಸಲ್ಲಿ ಬರೋರು ದಾರೀಲಿ ತೊಂದ್ರೆ ಬೇಡ ಅಂತ ಬೆಳಗ್ಗೆ ಕಾಫಿ ಬಿಟ್ಟು ಬೇರೇನೂ ಕುಡಿಯಲ್ಲ. ಕಾಲೇಜಿನ ಟಾಯ್ಲೆಟ್‌ನಲ್ಲಿ ಚಿಲಕ ಇರಲ್ಲ, ನಲ್ಲೀಲಿ ನೀರು ಇರಲ್ಲ. ಹುಡುಗಿಯರು ಸಂಜೆ ಮನೆ ಸೇರೋವರೆಗೂ ತಡ್ಕೋತಾರೆ. ಇಂಡಸ್ಟ್ರಿಯಲ್ ಏರಿಯಾದ ಶೀಟಿನ ಶೆಡ್‌ಗಳಲ್ಲಿ ಇಂಟರ್ನ್‌ಶಿಪ್ ಮಾಡೋರು ಬೇಸಿಗೇಲಿ ಬೆವರಿನಲ್ಲೇ ಅರ್ಧ ನೀರು ಕಳ್ಕೋತಾರೆ.

ಆದ್ದರಿಂದ "ನೀರು ಕುಡೀರಿ" ಅಂತ ಪೋಸ್ಟರ್ ಅಂಟಿಸಿದರೆ ಕೆಲಸ ಮುಗಿಯಲ್ಲ. ಫೆಸ್ಟ್‌ಗೆ ಸ್ಟೇಜ್ ಕೇಳೋ ನಾವು ಚಿಲಕ ಇರೋ, ನೀರು ಬರೋ ಟಾಯ್ಲೆಟ್ ಕೇಳೋಣ. ಲ್ಯಾಬ್ ಮಧ್ಯೆ ಹತ್ತು ನಿಮಿಷ ಬ್ರೇಕ್ ಕೇಳೋಣ. ಸಿ.ಆರ್.ಗಳು ಮುಂದಿನ ಮೀಟಿಂಗ್‌ನಲ್ಲಿ ನಾಚಿಕೊಳ್ಳದೆ ಇದನ್ನೇ ಮೊದಲು ಎತ್ತಲಿ. ಯಾರಾದರೂ ಎದ್ದು ಹೊರಗೆ ಹೋದಾಗ ನಗೋದನ್ನ ನಾವೂ ನಿಲ್ಲಿಸೋಣ.

ನಿಮ್ಮ ಪಾಲಿನ ಕೆಲಸವೂ ಇದೆ. ಲೀಟರ್ ಲೆಕ್ಕ ಕಷ್ಟ ಅನ್ನಿಸಿದರೆ ಬಣ್ಣ ನೋಡಿ: ಮೂತ್ರ ತಿಳಿಹಳದಿ ಇದ್ದರೆ ಸರಿ, ಗಾಢವಾಗಿದ್ದರೆ ಬಾಟಲಿ ಎತ್ತಿ. ಒಂದೇ ಸಲ ಗಟಗಟ ಅಂತ ಬೇಡ, ದಿನವಿಡೀ ಸ್ವಲ್ಪ ಸ್ವಲ್ಪ. ಉಪ್ಪು ಸುರಿದ ಚಿಪ್ಸ್ ಕಡಿಮೆ ಮಾಡಿ. ಕಲ್ಲಾಗುತ್ತೆ ಅಂತ ಹಾಲು, ಮೊಸರು ಬಿಡಬೇಕಿಲ್ಲ. ಕಿಡ್ನಿ, ಹೃದಯದ ತೊಂದರೆ ಇರೋರು ಮಾತ್ರ ಎಷ್ಟು ಕುಡಿಯಬೇಕು ಅಂತ ಡಾಕ್ಟರನ್ನೇ ಕೇಳಿ.

ಗೆಳೆಯ ಆ ಇಂಟರ್ನಲ್ಸ್ ಬರೆಯಲೇ ಇಲ್ಲ. ಈಗ ಎರಡು ಬಾಟಲಿ ತರ್ತಾನೆ, ಎರಡೂ ಖಾಲಿ ಮಾಡ್ತಾನೆ. ಆದರೆ ಟಾಯ್ಲೆಟ್‌ನ ಚಿಲಕ ಇನ್ನೂ ಬಂದಿಲ್ಲ.