ಹೀರೋ ಪ್ಯಾಂಟು, ನಮ್ಮ ಮಂಡಿಚಿಪ್ಪು



ಈ ವಾರ ಗಾಂಧಿನಗರದ ಗುಸುಗುಸು ಇಲ್ಲ. ಯಾವ ಚಿತ್ರಕ್ಕೆ ಯಾರು ಕಾಲ್‌ಷೀಟ್ ಕೊಟ್ಟರು, ಯಾರು ಕೈ ಕೊಟ್ಟರು ಅನ್ನೋ ಪುರಾಣವೂ ಇಲ್ಲ. ಈ ವಾರ ಪ್ಯಾಂಟಿನ ಸಮಾಚಾರ! ನಗಬೇಕು ಅನ್ನಿಸಿದರೆ ನಕ್ಕುಬಿಡಿ. ಆದರೆ ಬಸ್ ಸ್ಟಾಂಡಿನಲ್ಲಿ ಈ ಪತ್ರಿಕೆ ಕೊಂಡು, ಸುರುಳಿ ಸುತ್ತಿ ಜೇಬಿಗೆ ತುರುಕಿ, ಬಸ್ ಹತ್ತದೆ ಬೈಕ್ ಹತ್ತಿ ಹೋಗೋ ಓದುಗರು ನನಗೆ ಬಹಳ ಜನ ಇದ್ದಾರೆ. ಇದು ಅವರಿಗೆ.

ಹೋದ ವಾರ ಶಿಡ್ಲಘಟ್ಟದಿಂದ ನನ್ನ ಚಿಕ್ಕಮ್ಮನ ಮಗ ಫೋನ್ ಮಾಡಿದ. ರೇಷ್ಮೆ ನೂಲು ತೆಗೆಯೋ ಕಡೆ ಕೆಲಸ ಅವನಿಗೆ. ಈಚೆಗೆ ಸೆಕೆಂಡ್ ಹ್ಯಾಂಡ್ ಬೈಕೊಂದು ತಗೊಂಡಿದ್ದಾನೆ.

"ಅಣ್ಣಾ, ಐದು ಸಾವಿರ ಕೂಡಿಟ್ಟಿದ್ದೀನಿ. ಬೈಕ್‌ನೋರು ಹಾಕ್ತಾರಲ್ಲ, ಒಳಗಡೆ ಮಂಡಿಗೆ ಪ್ಯಾಡ್ ಇರೋ ಜೀನ್ಸು... ಯಾವುದು ತಗೊಳ್ಳಲಿ?"

"ಯಾಕೋ, ಸಿನಿಮಾ ನೋಡಿ ಆಸೆ ಆಯ್ತಾ?"

"ಇಲ್ಲಣ್ಣಾ. ನಿನ್ನ ಮಂಡಿ ನೋಡಿ!"

ನನ್ನ ಬಾಯಿ ಬಂದ್. ಯಾಕೆ ಅಂತ ಹೇಳಿಬಿಡ್ತೀನಿ.

ಗೌರಿಬಿದನೂರು, ಚಿಕ್ಕಬಳ್ಳಾಪುರ, ಶಿಡ್ಲಘಟ್ಟ, ಚಿಂತಾಮಣಿ... ನಮ್ಮ ನಾಲ್ಕೂ ಊರನ್ನು ಒಂದೇ ದಾರದಲ್ಲಿ ಪೋಣಿಸಿರೋ ರಸ್ತೆ ಒಂದಿದೆ. ಈಗ ಅದರ ಹೆಸರು ರಾಷ್ಟ್ರೀಯ ಹೆದ್ದಾರಿ 69. ಟೊಮ್ಯಾಟೊ ಲಾರಿ, ಹಿಪ್ಪುನೇರಳೆ ಸೊಪ್ಪಿನ ಹೊರೆ ಕಟ್ಟಿದ ಮೊಪೆಡ್ಡು, ಗೂಡಿನ ಚೀಲ ಹೊತ್ತ ಆಟೋ, ಎಲ್ಲಾ ಅದರ ಮೇಲೇನೇ. ಕೆಲವು ವರ್ಷಗಳ ಹಿಂದೆ, ಸಂಕ್ರಾಂತಿ ಮುಂದಿನ ವಾರ, ಒಂದು ಹಳೇ ಟಾಕೀಸಿನ ಬಗ್ಗೆ ಬರೆಯೋಣ ಅಂತ ಚಿಕ್ಕಬಳ್ಳಾಪುರದಿಂದ ಗೌರಿಬಿದನೂರಿಗೆ ಹೊರಟಿದ್ದೆ. ಮಂಚೇನಹಳ್ಳಿ ಇನ್ನೂ ಸ್ವಲ್ಪ ದೂರ. ತಿರುವು ದಾಟಿದರೆ ಟಾರಿನ ಮೇಲೆ ಹುರುಳಿ ಹರಡಿದ್ದಾರೆ! ನಮ್ಮ ಕಡೆ ಒಕ್ಕಣೆ ಗೊತ್ತಲ್ಲ, ಬಸ್ಸು ಲಾರಿ ಚಕ್ರಾನೇ ರೋಣಗಲ್ಲು. ಒಣಗಿದ ಹುರುಳಿ ಬಳ್ಳಿ ಮೇಲೆ ಬ್ರೇಕ್ ಹಾಕಿದೆ. ಬೈಕು ಒಂದು ದಿಕ್ಕು, ನಾನು ಒಂದು ದಿಕ್ಕು.

ಅವತ್ತು ನಾನು ಹಾಕಿದ್ದು ಆರುನೂರೈವತ್ತು ರೂಪಾಯಿ ಜೀನ್ಸು. ಎಳೆದರೆ ಎಳೆದಷ್ಟು ಬರೋ ಸ್ಟ್ರೆಚ್ ಬಟ್ಟೆ. ಮಂಡಿ ಹತ್ತಿರ ಫ್ಯಾಕ್ಟರಿಯೋರೇ ಹರಿದು ಕೊಟ್ಟಿದ್ದರು, ಹೀರೋ ಸ್ಟೈಲು! ಅವರು ಹರಿದು ಬಿಟ್ಟಿದ್ದನ್ನು ರಸ್ತೆ ಪೂರ್ತಿ ಮಾಡಿತು. ತಲೆಗೆ ಹೆಲ್ಮೆಟ್ ಇತ್ತು, ತಲೆ ಉಳೀತು. ಮಂಡಿಯೊಳಗೆ ಜಲ್ಲಿ ಪುಡಿ ಹೊಕ್ಕಿತ್ತು. ಡಾಕ್ಟರು ಚಿಮುಟದಲ್ಲಿ ಒಂದೊಂದೇ ಹರಳು ಆರಿಸಿ ತೆಗೆದರು, ಅಕ್ಕಿಯಲ್ಲಿ ಕಲ್ಲು ಆರಿಸೋ ಹಾಗೆ. ಹದಿನಾಲ್ಕು ಹೊಲಿಗೆ. ಹನ್ನೊಂದು ಸಾವಿರ ಖರ್ಚು. ಮೂರು ವಾರ ಮಂಚ. ಬರೆದರೆ ಕಾಸು, ಬರೆಯದಿದ್ದರೆ ಇಲ್ಲ ಅನ್ನೋ ನನ್ನಂಥವನಿಗೆ ಮೂರು ವಾರ ಅಂದರೆ ಏನು ಅಂತ ನಿಮಗೆ ಗೊತ್ತು. ಇವತ್ತಿಗೂ ಕೈವಾರಕ್ಕೆ ಹೋದರೆ ಪಂಕ್ತಿಯಲ್ಲಿ ಚಕ್ಕಳಮಕ್ಕಳ ಹಾಕಿ ಕೂರೋಕಾಗಲ್ಲ. ಎಲ್ಲರೂ ನೆಲದ ಮೇಲೆ, ನಾನೊಬ್ಬ ಮೂಲೆಯಲ್ಲಿ ನಿಂತು ಕಾಯೋನು.

ತೆರೆ ಮೇಲೆ ನೋಡಿ, ಎಷ್ಟು ಚೆನ್ನ! ನಮ್ಮ ರಾಮನಗರದ ಬಂಡೆಗಳ ನಡುವೆ ಚಿತ್ರೀಕರಣವಾಗಿ 1975ರಲ್ಲಿ ಬಂದ 'ಶೋಲೆ'ಯಲ್ಲಿ ಧರ್ಮೇಂದ್ರ, ಅಮಿತಾಭ್ ಬೈಕಿನ ಮೇಲೆ ಹಾಡಿಕೊಂಡು ಹೋದದ್ದೇ ಹೋದದ್ದು. ಅಲ್ಲಿಂದೀಚೆಗೆ ಜೀನ್ಸು, ಬೈಕು, ಗೆಳೆಯ, ಈ ಮೂರೂ ನಮ್ಮ ಮನಸ್ಸಿನಲ್ಲಿ ಒಂದೇ ಆಗಿಬಿಟ್ಟಿವೆ. ತಲೆ ಮೇಲೆ ಏನೂ ಇಲ್ಲ, ಕೂದಲು ಗಾಳಿಗೆ ಹಾರಬೇಕು! ಆದರೆ ಫೈಟ್ ಮಾಸ್ಟರ್ ಹತ್ತಿರ ಕೆಲಸ ಮಾಡೋ ಹುಡುಗರನ್ನು ಕೇಳಿ ನೋಡಿ. ಬೈಕಿನಿಂದ ಬೀಳೋ ಷಾಟ್ ಇದ್ದರೆ ಡ್ಯೂಪ್ ಪ್ಯಾಂಟಿನ ಒಳಗೆ ಮಂಡಿಗೆ, ಸೊಂಟಕ್ಕೆ ಪ್ಯಾಡು ಕಟ್ಟಿರ್ತಾನೆ. ಕ್ಯಾಮೆರಾಕ್ಕೆ ಕಾಣೋದು ಜೀನ್ಸು ಮಾತ್ರ. ನಾವು ಕಾಣೋದನ್ನು ಕೊಂಡ್ವಿ, ಕಾಣದ್ದನ್ನು ಬಿಟ್ವಿ.

ತೆರೆ ಆಚೆಗಿನ ಕಥೆ ಬೇರೆ. 'ನಾನು ಅವನಲ್ಲ... ಅವಳು' ಚಿತ್ರಕ್ಕೆ ರಾಷ್ಟ್ರಪ್ರಶಸ್ತಿ ತಂದುಕೊಟ್ಟ ನಮ್ಮ ಸಂಚಾರಿ ವಿಜಯ್ 2021ರ ಜೂನ್ 12ರ ರಾತ್ರಿ ಬೆಂಗಳೂರಿನಲ್ಲಿ ಬೈಕಿನ ಹಿಂದೆ ಕೂತು ಹೋಗ್ತಿದ್ದರು. ಬೈಕು ಜಾರಿತು, ತಲೆಗೆ ಪೆಟ್ಟು. ಹೆಲ್ಮೆಟ್ ಇರಲಿಲ್ಲ. 37 ವರ್ಷಕ್ಕೇ ಹೋದರು. ಹೋಗುವಾಗಲೂ ಅಂಗಾಂಗ ದಾನ ಮಾಡಿ ಹೋದರು. ಎಂಥ ನಟ! ಅದಕ್ಕೇ ಪ್ಯಾಂಟಿನ ಮಾತಿಗೆ ಮೊದಲು ತಲೆ ಮಾತು. ಅದನ್ನು ಆಮೇಲೆ ಮತ್ತೆ ಹೇಳ್ತೀನಿ.

ಈಗ ಬಟ್ಟೆ. ಗಂಟೆಗೆ 50 ಕಿಲೋಮೀಟರ್ ಅಂದರೆ ನಮಗೆ ಲೆಕ್ಕಕ್ಕಿಲ್ಲದ ಸ್ಪೀಡು. ಆದರೆ ಅದು ಸೆಕೆಂಡಿಗೆ ಸುಮಾರು 14 ಮೀಟರ್. ಆ ವೇಗದಲ್ಲಿ ಬಿದ್ದರೆ ಮೈ ನಿಲ್ಲೋಕೆ ಒಂದೆರಡು ಸೆಕೆಂಡು ಬೇಕು. ಮಾಮೂಲಿ ಹತ್ತಿ ಜೀನ್ಸು ಅಷ್ಟು ಹೊತ್ತು ತಡೆಯಲ್ಲ, ಎಷ್ಟೋ ಸಲ ಒಂದು ಸೆಕೆಂಡಿನೊಳಗೇ ತೂತು. ಆಮೇಲೆ ಉಜ್ಜೋದು ಚರ್ಮ. ಪಾಲಿಯೆಸ್ಟರ್ ಬೆರೆತ ತೆಳು ಬಟ್ಟೆಯಾದರೆ ಉಜ್ಜಿದ ಬಿಸಿಗೆ ಕರಗೋದೂ ಉಂಟು.

ಸವಾರಿ ಜೀನ್ಸಿನಲ್ಲಿ ಎರಡು ಕೆಲಸ ನಡೀಬೇಕು. ಒಂದು, ಉಜ್ಜಿದರೆ ಹರಿಯಬಾರದು. ಇನ್ನೊಂದು, ಬಡಿದರೆ ಮಂಡಿಗೆ, ಸೊಂಟದ ಪಕ್ಕದ ಮೂಳೆಗೆ ಏಟು ಕಮ್ಮಿಯಾಗಬೇಕು. ಮೊದಲನೆಯದಕ್ಕೆ ಅರಾಮಿಡ್ ಅನ್ನೋ ನೂಲಿನ ಒಳಪದರ ಹಾಕ್ತಾರೆ. ಕೆವ್ಲಾರ್ ಅಂತ ಕೇಳಿದ್ದೀರಲ್ಲ, ಅದೂ ಈ ಜಾತಿಯದೇ. 1965ರಲ್ಲಿ ಅಮೆರಿಕದ ಡ್ಯೂಪಾಂಟ್ ಕಂಪನಿಯಲ್ಲಿ ಸ್ಟೆಫನಿ ಕ್ವೊಲೆಕ್ ಅನ್ನೋ ಹೆಣ್ಣುಮಗಳು ಕಂಡುಹಿಡಿದದ್ದು. ಎರಡನೆಯದಕ್ಕೆ ಪ್ಯಾಡು. ಎರಡರಲ್ಲಿ ಒಂದು ಇದ್ದು ಇನ್ನೊಂದು ಇಲ್ಲದಿದ್ದರೆ ಅರ್ಧ ಟಿಕೆಟ್ಟಿಗೆ ಅರ್ಧ ಸಿನಿಮಾ.

ತಮ್ಮನಿಗೋಸ್ಕರ ಬೆಂಗಳೂರಿನ ಒಂದು ಅಂಗಡಿಗೆ ಹೋದೆ. ಅಂಗಡಿಯೋನು ಒಂದು ಪ್ಯಾಂಟು ಹರವಿದ. "ಸಾರ್, ಇದು ಕೆವ್ಲಾರ್. ಗುಂಡು ಹೊಡೆದರೂ ಏನೂ ಆಗಲ್ಲ." ನಾನು ಅದನ್ನು ಒಳಗಿನದು ಹೊರಗೆ ಮಾಡಿ ತಿರುಗಿಸಿದೆ. ಮಂಡಿ ಹತ್ತಿರ ಅಂಗೈ ಅಗಲದ ಹಳದಿ ತುಂಡು, ಅಷ್ಟೇ! ಕುಂಡಿ ಮೇಲೆ ಇಲ್ಲ, ಸೊಂಟದ ಪಕ್ಕ ಇಲ್ಲ. ಬಿದ್ದೋನು ಮಂಡಿ ಮೇಲೆ ಮಾತ್ರ ಜಾರ್ತಾನಾ? ಮಿತ್ರರೇ, ಇದೇ ಮೊದಲ ಪಾಠ. ಪ್ಯಾಂಟು ತಿರುಗಿಸದೆ ದುಡ್ಡು ತೆಗೀಬೇಡಿ. ಒಳಪದರ ಸೊಂಟದಿಂದ ಕುಂಡಿ, ತೊಡೆ ಪಕ್ಕ, ಮಂಡಿ ಕೆಳಗಿನ ತನಕ ಬಂದಿರಬೇಕು. ಪಕ್ಕದ ಹೊಲಿಗೆ ಎರಡು ಮೂರು ಸಾಲು ಇರಬೇಕು. ಬಟ್ಟೆ ಗಟ್ಟಿ ಇದ್ದು ಹೊಲಿಗೆ ಬಿಚ್ಚಿಕೊಂಡರೆ ಏನು ಬಂತು? ಒಂದೇ ಪದರದ ಜೀನ್ಸೂ ಬರ್ತವೆ, ಗಟ್ಟಿ ನೂಲನ್ನು ಬಟ್ಟೆಯಲ್ಲೇ ಸೇರಿಸಿ ನೇಯ್ದಿದ್ದು. ಸೆಕೆ ಕಮ್ಮಿ, ಬೆಲೆ ಜಾಸ್ತಿ.

ಎರಡನೇ ಪಾಠ, ಚೀಟಿ ಓದೋದು. 2020ರಲ್ಲಿ ಯೂರೋಪಿನೋರು ಇಎನ್ 17092 ಅಂತ ಒಂದು ಅಳತೆ ತಂದರು. ಅದರಲ್ಲಿ ಎ, ಎಎ, ಎಎಎ ಅಂತ ದರ್ಜೆ, ಬಾಲ್ಕನಿ, ಫಸ್ಟ್ ಕ್ಲಾಸು, ಸೆಕೆಂಡ್ ಕ್ಲಾಸು ಇದ್ದ ಹಾಗೆ. ಹೆಚ್ಚು ಉಜ್ಜಾಟ ಬೀಳೋ ಜಾಗದ ಬಟ್ಟೆಯನ್ನು ಎ ದರ್ಜೆಗೆ ಸುಮಾರು 45 ಕಿ.ಮೀ., ಎಎಗೆ 70, ಎಎಎಗೆ 120 ಕಿ.ಮೀ. ವೇಗದಲ್ಲಿ ಉಜ್ಜಿ ನೋಡ್ತಾರೆ. ಬಿ ಅಂತ ಇದ್ದರೆ ಪ್ಯಾಡು ಇಲ್ಲ ಅಂತ ಅರ್ಥ. ಪ್ಯಾಡಿನ ಮೇಲೆ ಇಎನ್ 1621-1 ಅಂತ ಅಚ್ಚು ಇರಬೇಕು. ಅದರಲ್ಲೂ ಲೆವೆಲ್ 1, ಲೆವೆಲ್ 2. ಎರಡನೆಯದು ಏಟನ್ನು ಜಾಸ್ತಿ ತಡೆಯುತ್ತೆ. ಊರೊಳಗೆ ಓಡಾಡೋನಿಗೆ ಎ ಸಾಕು. ಹೆದ್ದಾರಿ 44ರಲ್ಲಿ ದಿನಾ ಬೆಂಗಳೂರಿಗೆ ಹೋಗಿಬರೋನು ಎಎ ನೋಡಲಿ.

ಚೀಟಿಯೇ ಇಲ್ಲ, ಬರೀ 'ಕೆವ್ಲಾರ್' ಅನ್ನೋ ಸ್ಟಿಕರ್ ಇದೆಯಾ? ಶಿಡ್ಲಘಟ್ಟದೋರಿಗೆ ನಾನು ಹೇಳಿಕೊಡಬೇಕಾ! ರೇಷ್ಮೆ ಎಳೆ ಸುಟ್ಟರೆ ಕೂದಲು ಸುಟ್ಟ ವಾಸನೆ, ಬೂದಿ ಪುಡಿಪುಡಿ. ಪಾಲಿಯೆಸ್ಟರ್ ಸುಟ್ಟರೆ ಕರಗಿ ಗಟ್ಟಿ ಮಣಿ. ಅರಾಮಿಡ್ ಎಳೆ ಕರಗೋದೇ ಇಲ್ಲ, ಕರಕಲಾಗುತ್ತೆ, ಬೆಂಕಿಯಿಂದ ತೆಗೆದರೆ ಆರಿಹೋಗುತ್ತೆ. ಒಳಪದರದ ಅಂಚಿನಿಂದ ಒಂದೇ ಒಂದು ಎಳೆ ಕೇಳಿ. ಕೊಡದಿದ್ದರೆ ಜಗಳ ಆಡಬೇಡಿ, ಮುಂದಿನ ಅಂಗಡಿ ಇದೆ. ಆದರೆ ಡೈನೀಮಾ ಅಂತ ಇನ್ನೊಂದು ಗಟ್ಟಿ ನೂಲಿದೆ, ಅದು ಅಸಲಿಯಾದರೂ ಕರಗುತ್ತೆ. ಅಂಥಾದ್ದಕ್ಕೆ ಈ ಪರೀಕ್ಷೆ ನಡೆಯಲ್ಲ.

ಡೀನಿಯರ್ ಲೆಕ್ಕವೂ ಹಾಗೇ. ಒಂಬತ್ತು ಸಾವಿರ ಮೀಟರ್ ನೂಲು ಎಷ್ಟು ಗ್ರಾಂ ತೂಗುತ್ತೋ ಅಷ್ಟು ಡೀನಿಯರ್, ನಮ್ಮ ರೀಲರ್‌ಗಳಿಗೆ ಬಾಯಿಪಾಠ. ಸವಾರಿ ಬಟ್ಟೆಯೋರೂ '500 ಡೀನಿಯರ್, 600 ಡೀನಿಯರ್' ಅಂತ ಕೂಗ್ತಾರೆ. ಅದು ದಪ್ಪದ ಲೆಕ್ಕ. ದಪ್ಪ ಇದ್ದದ್ದೆಲ್ಲಾ ಗಟ್ಟಿ ಅಲ್ಲ, ನಮ್ಮ ವಿಲನ್‌ಗಳ ಥರ!

ಮೂರನೇ ಪಾಠ, ನಿಂತು ಹಾಕಿ ನೋಡಬೇಡಿ, ಕೂತು ನೋಡಿ. ಅಂಗಡಿ ಮುಂದೆ ನಿಂತಿರೋ ನಿಮ್ಮ ಬೈಕಿನ ಮೇಲೇ ಕೂತು ಮಂಡಿ ಮಡಿಸಿ. ನಿಂತಾಗ ಸರಿಯಾಗಿ ಕೂತ ಪ್ಯಾಡು, ಕೂತಾಗ ತೊಡೆಗೆ ಹತ್ತಿಬಿಡುತ್ತೆ. ಮೇಲೆ ಕೆಳಗೆ ಸರಿಸೋ ಹಾಗಿದ್ದರೆ ಒಳ್ಳೇದು. ಕೈಯಲ್ಲಿ ಹಿಡಿದು ತಿರುಗಿಸಿ ನೋಡಿ, ಪ್ಯಾಡು ಪಕ್ಕಕ್ಕೆ ಜಾರಿದರೆ ಬಿದ್ದಾಗಲೂ ಜಾರುತ್ತೆ. ಉದ್ದ ಸ್ವಲ್ಪ ಜಾಸ್ತಿ ಇರಲಿ, ಕೂತರೆ ಕಾಲು ಮೇಲಕ್ಕೇರುತ್ತೆ. ಒಗೆಯುವಾಗ ಪ್ಯಾಡು ತೆಗೆದು, ತಿರುಗಿಸಿ, ತಣ್ಣೀರಲ್ಲಿ. ಬ್ಲೀಚ್ ಮುಟ್ಟಿಸಬೇಡಿ. ನೆರಳಲ್ಲಿ ಒಣಗಿಸಿ, ಬಿಸಿಲು ಅರಾಮಿಡ್‌ಗೆ ಶತ್ರು.

ಇಷ್ಟಾದರೂ ಪ್ಯಾಂಟು ಕವಚ ಅಲ್ಲ. 2011ರಲ್ಲಿ ಆಸ್ಟ್ರೇಲಿಯಾದೋರು ಬಿದ್ದ 212 ಸವಾರರನ್ನು ವಿಚಾರಿಸಿ ಒಂದು ಅಧ್ಯಯನ ಪ್ರಕಟಿಸಿದರು. ಸವಾರಿ ಪ್ಯಾಂಟು ಹಾಕಿದ್ದವರು ಆಸ್ಪತ್ರೆಗೆ ದಾಖಲಾಗೋದು ಸುಮಾರು ಅರ್ಧಕ್ಕೆ ಇಳಿದಿತ್ತು. ಗ್ಲೌಸ್ ಹಾಕಿದ್ದವರಲ್ಲಿ ಅದಕ್ಕಿಂತಲೂ ಕಮ್ಮಿ! ಆದರೆ ಸವಾರಿಗೇ ಅಂತ ಮಾಡಿದ ಪ್ಯಾಂಟುಗಳಲ್ಲೂ ನೂರಕ್ಕೆ 28 ಬಿದ್ದಾಗ ಕೈಕೊಟ್ಟಿದ್ದವು. ಹೆಸರು ನೋಡಿ ಕೊಂಡರೆ ಆಗಲ್ಲ, ತಿರುಗಿಸಿ ನೋಡಿ ಕೊಳ್ಳಬೇಕು ಅನ್ನೋದು ಇದಕ್ಕೇ.

ಈಗ ತಮ್ಮನ ಐದು ಸಾವಿರಕ್ಕೆ ಬರೋಣ. ನಾನು ನೋಡಿದ ಅಂಗಡಿಯಲ್ಲಿ ನಂಬಬಹುದಾದ ಜೀನ್ಸು ಶುರುವಾಗೋದೇ ಐದು ಸಾವಿರದ ಮೇಲೆ. ದುಡ್ಡು ಅಲ್ಲೇ ಖಾಲಿ. ಅವನನ್ನು ಕೇಳಿದೆ.

"ಹೆಲ್ಮೆಟ್ ಯಾವುದೋ ಇರೋದು?"

"ಅದೇ ಅಣ್ಣಾ, ಟೋಪಿ ಥರದ್ದು. ಪೊಲೀಸ್‌ಗೆ ತೋರ್ಸೋಕೆ."

ಅಲ್ಲಿಗೆ ತೀರ್ಮಾನ ಆಯ್ತು. "ಜೀನ್ಸು ಬೇಡ ಕಣೋ" ಅಂದೆ. ಅವನಿಗೆ ಬೇಜಾರು. ಆದರೆ ಲೆಕ್ಕ ಕೇಳಿ. ಮೊದಲು ಐಎಸ್‌ಐ ಗುರುತಿನ ಮುಖ ಪೂರ್ತಿ ಮುಚ್ಚೋ ಹೆಲ್ಮೆಟ್. 2021ರ ಜೂನ್ 1ರಿಂದ ಈ ಗುರುತು ಇಲ್ಲದ್ದನ್ನು ಮಾರೋದೇ ಕಾನೂನಿಗೆ ವಿರೋಧ, ಆದರೂ ರಸ್ತೆ ಬದಿ ಸಿಗುತ್ತೆ, ಮುಟ್ಟಬೇಡಿ. ಆಮೇಲೆ ಗ್ಲೌಸ್, ಬಿದ್ದೋನು ಮೊದಲು ಊರೋದು ಅಂಗೈ. ಆಮೇಲೆ ಹರಡು ಮುಚ್ಚೋ ಷೂ, ಚಪ್ಪಲಿ ಮನೇಲಿರಲಿ. ಆಮೇಲೆ ಪಟ್ಟಿ ಕಟ್ಟೋ ಮಂಡಿ ಗಾರ್ಡು, ಪ್ಯಾಂಟಿನ ಒಳಗೇ ಕಟ್ಟಬಹುದು, ಡ್ಯೂಪ್ ಕಟ್ಟೋ ಹಾಗೆ! ಅದರ ಮೇಲೆ ಸ್ಟ್ರೆಚ್ ಇಲ್ಲದ, ಹರಕಲಿಲ್ಲದ ದಪ್ಪ ಜೀನ್ಸು. ನಾಲ್ಕೂ ಸೇರಿ ಅವನ ಐದು ಸಾವಿರದೊಳಗೆ ಬಂತು. ಚರ್ಮ ತರಚೋದನ್ನು ಇದು ಪೂರ್ತಿ ತಪ್ಪಿಸಲ್ಲ, ಸುಳ್ಳು ಹೇಳಲ್ಲ. ಮಂಡಿಚಿಪ್ಪು ಮಾತ್ರ ನನ್ನದರ ಹಾಗೆ ಆಗೋ ಸಂಭವ ಕಮ್ಮಿ.

ಚಿಂತಾಮಣಿಯ ಟೈಲರ್ ಗೆಳೆಯನೊಬ್ಬ ಹಳೇ ಜೀನ್ಸಿಗೆ ಒಳಜೇಬು ಹೊಲಿದು ಪ್ಯಾಡು ಇಟ್ಟುಕೊಡ್ತೀನಿ ಅಂದ. ಒಳ್ಳೇ ಮನಸ್ಸು. ಆದರೆ ಹತ್ತಿ ಬಟ್ಟೆ ಹರಿದರೆ ಜೇಬೂ ಹೋಯ್ತು, ಪ್ಯಾಡೂ ಹೋಯ್ತು. ಅದಕ್ಕಿಂತ ಪಟ್ಟಿ ಕಟ್ಟೋದೇ ವಾಸಿ.

ಹೆಲ್ಮೆಟ್ಟು, ಗ್ಲೌಸು, ಷೂ ಆಗಲೇ ಇರೋನು ಧಾರಾಳವಾಗಿ ಸವಾರಿ ಜೀನ್ಸು ತಗೊಳ್ಳಲಿ. ತಮ್ಮನೂ ದೀಪಾವಳಿ ಬೋನಸ್ಸಿಗೆ ತಗೋತಾನಂತೆ. ಜೊತೆಗೆ ನಾನು ಹೋಗ್ತೀನಿ, ತಿರುಗಿಸಿ ನೋಡೋಕೆ.

ಭಾನುವಾರ ಬೆಳಿಗ್ಗೆ ನಂದಿ ಬೆಟ್ಟಕ್ಕೆ ಬರೋ ಬೆಂಗಳೂರು ಸವಾರರು ಚಿಕ್ಕಬಳ್ಳಾಪುರದಲ್ಲಿ ತಿಂಡಿಗೆ ನಿಲ್ಲಿಸ್ತಾರೆ. ನಮ್ಮ ಹುಡುಗರು ಸುತ್ತ ನಿಂತು ಅವರ ಬೈಕು ನೋಡ್ತಾರೆ. ಇನ್ನು ಮೇಲೆ ಒಂದು ಸಲ ಅವರ ಮಂಡಿ ಕಡೆಗೂ ನೋಡಿ.

ಮೊನ್ನೆ ತಮ್ಮ ಹೊಸ ಹೆಲ್ಮೆಟ್ ಹಾಕ್ಕೊಂಡು, ಮಂಡಿಗೆ ಗಾರ್ಡು ಕಟ್ಕೊಂಡು ನಮ್ಮನೆಗೆ ಬಂದಿದ್ದ. ಊಟಕ್ಕೆ ನೆಲದ ಮೇಲೆ ಕೂರೋ ಮುಂಚೆ ಗಾರ್ಡು ಬಿಚ್ಚಿ ಪಕ್ಕಕ್ಕಿಟ್ಟ. ಚಕ್ಕಳಮಕ್ಕಳ ಹಾಕಿ ಕೂತ. ನಾನು ಕುರ್ಚಿ ಮೇಲೆ ಕೂತು ಅವನನ್ನೇ ನೋಡ್ತಾ ಉಂಡೆ.

ಬರೋ ವಾರ ಮತ್ತೆ ಗಾಂಧಿನಗರ. ನಿಧಾನವಾಗಿ ಹೋಗಿ ಬನ್ನಿ, ಸಿಗೋಣ.